ಪವರ್‌ಟಾಯ್ಸ್‌ನ ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್: ಉಡುಪಿಯ ಲ್ಯಾಬ್‌ನಿಂದ ಒಂದು ವಿಮರ್ಶೆ

ವಿಂಡೋಸ್ ಕಂಪ್ಯೂಟರಿನಲ್ಲಿ ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್ ಮುಂತಾದವನ್ನು ಇನ್‌ಸ್ಟಾಲ್ ಮಾಡಿದ ಮೇಲೆ, ಅವು ಯಾವ ಫೋಲ್ಡರಿನಲ್ಲಿ ಕುಳಿತಿವೆ ಎಂದು ಪತ್ತೆ ಹಚ್ಚಿ ಆ ಜಾಗವನ್ನು ಕಂಪ್ಯೂಟರಿಗೆ ತಿಳಿಸಿಕೊಡುವ ಕೆಲಸವೊಂದು ಉಳಿದಿರುತ್ತದೆ. ಪ್ರೋಗ್ರಾಮಿಂಗ್ ಕಲಿಯಲು ಹೊರಟವರೆಲ್ಲ ಇದನ್ನು ಶುರುವಿನಲ್ಲೇ ಎದುರಿಸುತ್ತಾರೆ, ಆದರೆ ಇದನ್ನು ಸಾವಧಾನವಾಗಿ ಹೇಳಿಕೊಡುವವರು ಕಡಿಮೆ. ಮೈಕ್ರೋಸಾಫ್ಟ್ ತನ್ನ ‘ಪವರ್‌ಟಾಯ್ಸ್’ ಎಂಬ ಉಚಿತ ಉಪಕರಣಗಳ ಕಟ್ಟಿನಲ್ಲಿ, 2023ರ ಅಕ್ಟೋಬರ್ ಕೊನೆಗೆ ಬಂದ 0.75ನೇ ಆವೃತ್ತಿಯಿಂದ, ಈ ಕೆಲಸಕ್ಕೆಂದೇ ‘ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್’ ಎಂಬ ಪ್ರತ್ಯೇಕ ಉಪಕರಣವೊಂದನ್ನು ಕೊಡುತ್ತಿದೆ. ಉಡುಪಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಇದನ್ನು ಲ್ಯಾಬಿನ ಯಂತ್ರಗಳಲ್ಲಿಯೂ ವಿದ್ಯಾರ್ಥಿಗಳು ತರುವ ಲ್ಯಾಪ್‌ಟಾಪ್‌ಗಳಲ್ಲಿಯೂ ಬಹಳ ಕಾಲದಿಂದ ಬಳಸುತ್ತಿದ್ದೇನೆ. ಕುಂದಾಪುರ, ಕಾರ್ಕಳ, ಕಾಪು ಕಡೆಗಳಿಂದ ಬರುವ, ಮನೆಯಲ್ಲಿ ಕೇಳಿ ತಿಳಿಯಲು ಯಾರೂ ಇಲ್ಲದ ಮಕ್ಕಳಿಗೆ ಇದು ಎಷ್ಟು ನೆರವಾಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವೇರಿಯೇಬಲ್‌ಗಳನ್ನು, ಎಂದರೆ ಪ್ರೋಗ್ರಾಮುಗಳು ಓದಿಕೊಳ್ಳಲೆಂದು ವಿಂಡೋಸ್ ಹೆಸರು ಕೊಟ್ಟು ಇಟ್ಟುಕೊಳ್ಳುವ ಮೌಲ್ಯಗಳನ್ನು, ನೋಡಲು, ತಿದ್ದಲು, ಬದಲಾಯಿಸಿ ಬದಲಾಯಿಸಿ ಬಳಸಲು ಇದು ಉತ್ತಮ ಉಪಕರಣ. ಆದರೆ ತಂತ್ರಾಂಶ ಎಲ್ಲಿದೆ ಎಂದು ಹುಡುಕುವ ಕೆಲಸದಲ್ಲಿ ಇದು ಸ್ವಲ್ಪವೂ ಸಹಾಯ ಮಾಡುವುದಿಲ್ಲ, ಮತ್ತು ವಿದ್ಯಾರ್ಥಿಗಳ ತೊಂದರೆಯ ಹೆಚ್ಚಿನ ಪಾಲು ಇರುವುದು ಆ ಹುಡುಕಾಟದಲ್ಲಿಯೇ.

ಉಪಕರಣದ ಮಹತ್ವ ತಿಳಿಯಬೇಕಾದರೆ ವಿಂಡೋಸ್ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದಿರಬೇಕು. ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಜಾವಾ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದಾಗ, ವಿಂಡೋಸ್ ಮೊದಲು ನಾವಿರುವ ಫೋಲ್ಡರಿನಲ್ಲಿ ಆ ಹೆಸರಿನ ಫೈಲ್ ಇದೆಯೇ ಎಂದು ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ‘ಪಾತ್’ ಎಂಬ ವೇರಿಯೇಬಲ್‌ನಲ್ಲಿ ಬರೆದಿಟ್ಟ ಫೋಲ್ಡರುಗಳನ್ನು, ಬರೆದಿರುವ ಕ್ರಮದಲ್ಲಿಯೇ, ಒಂದೊಂದಾಗಿ ತಡಕುತ್ತದೆ. ಎಲ್ಲಿ ಮೊದಲು ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯುತ್ತದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಉಡುಪಿಗೆ ಹೊರಟು ನಿಂತವರು ಹಿಂದಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ ಎಂದು ತಿಳಿಯದೆ ಮೊದಲು ಬಂದ ಬಸ್ಸನ್ನೇ ಹತ್ತಿಬಿಡುವಂತೆ, ಪಟ್ಟಿಯ ಕೆಳಗೆ ಇನ್ನೂ ಹೊಸ ಜಾವಾ ಇದ್ದರೂ ವಿಂಡೋಸ್ ಅದನ್ನು ನೋಡಲು ಹೋಗುವುದಿಲ್ಲ.

ಈ ಪಾತ್ ಎಂಬುದು ಒಂದಲ್ಲ, ಎರಡು. ಇಡೀ ಯಂತ್ರಕ್ಕೆ ಅನ್ವಯವಾಗುವ ಸಿಸ್ಟಮ್ ಪಾತ್ ಒಂದು, ಲಾಗಿನ್ ಆದವರಿಗೆ ಮಾತ್ರ ಸೇರಿದ ಯೂಸರ್ ಪಾತ್ ಇನ್ನೊಂದು. ಉಳಿದ ವೇರಿಯೇಬಲ್‌ಗಳಲ್ಲಿ ಒಂದೇ ಹೆಸರು ಎರಡೂ ಕಡೆ ಇದ್ದರೆ ಯೂಸರ್ ಕಡೆಯದು ಗೆಲ್ಲುತ್ತದೆ. ಪಾತ್‌ನ ವಿಷಯದಲ್ಲಿ ಹಾಗಲ್ಲ: ಸಿಸ್ಟಮ್ ಪಾತ್ ಮೊದಲು ನಿಲ್ಲುತ್ತದೆ, ಯೂಸರ್ ಪಾತ್ ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಎಂದರೆ ನಮ್ಮ ಯೂಸರ್ ಪಾತ್‌ನ ಮೊಟ್ಟಮೊದಲ ಸಾಲಿನಲ್ಲಿ ಏನನ್ನು ಬರೆದರೂ ಅದು ಸಿಸ್ಟಮ್ ಪಾತ್‌ನ ಕಟ್ಟಕಡೆಯ ಸಾಲಿಗಿಂತ ಕೆಳಗೇ ಇರುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಇಡೀ ಮಧ್ಯಾಹ್ನ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ಮತ್ತು ವಿಂಡೋಸ್‌ನ ಹಳೆಯ ಕಿಟಕಿ ಇದನ್ನು ಎಲ್ಲಿಯೂ ತೋರಿಸುವುದಿಲ್ಲ.

ಆ ಹಳೆಯ ಕಿಟಕಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್‌ಮೆಂಟ್’ ಎಂದು ಟೈಪ್ ಮಾಡಿದರೆ ಸಿಗುವ ಈ ಕಿಟಕಿಯಲ್ಲಿ ಮೊದಲೆಲ್ಲ ಪಾತ್ ಪೂರ್ತಿಯಾಗಿ ಒಂದೇ ಸಾಲಿನ ಸಣ್ಣ ಪೆಟ್ಟಿಗೆಯೊಳಗೆ, ಅರ್ಧವಿರಾಮ ಚಿಹ್ನೆಗಳಿಂದ ಬೇರ್ಪಟ್ಟು, ಕಣ್ಣಿಗೆ ಸಿಗದಷ್ಟು ಉದ್ದಕ್ಕೆ ಹರಿದಿರುತ್ತಿತ್ತು. 2015ರ ನವೆಂಬರಿನಲ್ಲಿ ಬಂದ ವಿಂಡೋಸ್ 10ರ 1511ನೇ ಆವೃತ್ತಿಯಿಂದ ಅದು ಸಾಲುಸಾಲಾಗಿ ಕಾಣುವ ಪಟ್ಟಿಯಾಯಿತು, ಮೇಲೆ ಕೆಳಗೆ ಸರಿಸುವ ಗುಂಡಿಗಳು ಬಂದವು. ಅದು ದೊಡ್ಡ ಸುಧಾರಣೆಯೇ. ಆದರೂ ಸಿಸ್ಟಮ್ ಮತ್ತು ಯೂಸರ್ ಪಾತ್‌ಗಳನ್ನು ಜೋಡಿಸಿದರೆ ಕೊನೆಗೆ ಏನಾಗುತ್ತದೆ ಎಂಬ ಚಿತ್ರ ಅಲ್ಲಿ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೆರೆದು ನೋಡಿ ಮನಸ್ಸಿನಲ್ಲಿಯೇ ಕೂಡಿಸಿಕೊಳ್ಳಬೇಕು. ಅದಲ್ಲದೆ ಒಂದರ ಮೇಲೊಂದು ತೆರೆದುಕೊಂಡ ಕಿಟಕಿಗಳಲ್ಲಿ ಒಳಗಿನದರಲ್ಲಿ ‘ಓಕೆ’ ಒತ್ತಿ ಹೊರಗಿನದನ್ನು ‘ಕ್ಯಾನ್ಸಲ್’ ಮಾಡಿದರೆ ಮಾಡಿದ ಬದಲಾವಣೆ ಉಳಿಯುವುದಿಲ್ಲ, ಮತ್ತು ಹಾಗಾಯಿತು ಎಂದು ಯಾರೂ ಹೇಳುವುದೂ ಇಲ್ಲ.

ಪವರ್‌ಟಾಯ್ಸ್‌ನ ಕಿಟಕಿ ತೆರೆದ ಕೂಡಲೇ ವ್ಯತ್ಯಾಸ ಕಾಣುತ್ತದೆ. ಒಂದು ಕಡೆ ‘ಪ್ರೊಫೈಲ್ಸ್’ ಮತ್ತು ಅದರ ಕೆಳಗೆ ಯೂಸರ್, ಸಿಸ್ಟಮ್ ಎಂಬ ಎರಡು ಗುಂಪುಗಳಾಗಿ ಇರುವ ವೇರಿಯೇಬಲ್‌ಗಳು. ಇನ್ನೊಂದು ಕಡೆ ‘ಅಪ್ಲೈಡ್ ವೇರಿಯೇಬಲ್ಸ್’ ಎಂಬ, ತಿದ್ದಲು ಬಾರದ, ನೋಡಲು ಮಾತ್ರ ಇರುವ ಪಟ್ಟಿ. ಈ ಎರಡನೆಯ ಪಟ್ಟಿಗಾಗಿಯೇ ನಾನು ಈ ಉಪಕರಣವನ್ನು ಶಿಫಾರಸು ಮಾಡುತ್ತೇನೆ. ಸಿಸ್ಟಮ್, ಯೂಸರ್, ಪ್ರೊಫೈಲ್ ಮೂರೂ ಸೇರಿದ ಮೇಲೆ ಹೊಸದಾಗಿ ತೆರೆಯುವ ಪ್ರೋಗ್ರಾಮಿಗೆ ನಿಜವಾಗಿ ಸಿಗುವ ಮೌಲ್ಯ ಯಾವುದು ಎಂಬುದನ್ನು ಅದು ತೋರಿಸುತ್ತದೆ. ಪಾತ್‌ನಂಥ ಪಟ್ಟಿಯಿರುವ ವೇರಿಯೇಬಲ್ ಅನ್ನು ತಿದ್ದಲು ತೆರೆದಾಗ ಪ್ರತಿ ಫೋಲ್ಡರೂ ತನ್ನದೇ ಸಾಲಿನಲ್ಲಿ ಇರುತ್ತದೆ, ಸಾಲಿನ ಪಕ್ಕದ ಮೆನುವಿನಿಂದ ಅದನ್ನು ಮೇಲಕ್ಕೆ ಕೆಳಕ್ಕೆ ಸರಿಸಬಹುದು, ಅಳಿಸಬಹುದು, ಅದರ ಹಿಂದೆ ಅಥವಾ ಮುಂದೆ ಹೊಸ ಸಾಲು ಸೇರಿಸಬಹುದು. ಯೂಸರ್ ವೇರಿಯೇಬಲ್‌ಗಳನ್ನು ಬದಲಿಸಲು ಅಡ್ಮಿನ್ ಅಧಿಕಾರ ಬೇಕಾಗಿಲ್ಲ. ಸಿಸ್ಟಮ್ ಕಡೆಯದನ್ನು ಮುಟ್ಟಬೇಕಾದರೆ ಮಾತ್ರ ಉಪಕರಣವನ್ನು ಅಡ್ಮಿನ್ ಆಗಿ ತೆರೆಯಬೇಕು, ಇಲ್ಲದಿದ್ದರೆ ಆ ಭಾಗ ಮುಚ್ಚಿಕೊಂಡಿರುತ್ತದೆ. ವಿದ್ಯಾರ್ಥಿಗಳಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡದ ನಮ್ಮಂಥ ಲ್ಯಾಬ್‌ಗಳಿಗೆ ಈ ವಿಭಜನೆ ಬಹಳ ಹಿತವಾದದ್ದು.

ಒಂದು ಲ್ಯಾಪ್‌ಟಾಪಿನ ಉದಾಹರಣೆ ಕೊಟ್ಟರೆ ವಿಷಯ ಸ್ಪಷ್ಟವಾದೀತು. ಕಾರ್ಕಳ ಕಡೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಲ್ಯಾಪ್‌ಟಾಪ್ ತಂದು, “ಸರ್, ಕಂಪೈಲ್ ಆಗ್ತದೆ, ರನ್ ಆಗುವುದಿಲ್ಲ, ಮೂರು ಸಲ ತೆಗೆದು ಹಾಕಿದೆ” ಎಂದಳು. ಪರದೆಯ ಮೇಲೆ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’ ಎಂಬ ಸಂದೇಶವಿತ್ತು, ಅದರಲ್ಲಿ 61.0 ಮತ್ತು 52.0 ಎಂಬ ಎರಡು ಸಂಖ್ಯೆಗಳಿದ್ದವು. ಈ ಸಂಖ್ಯೆಗಳನ್ನು ಓದಲು ತಿಳಿದವರಿಗೆ ರೋಗ ಅಲ್ಲಿಯೇ ಗೊತ್ತಾಗುತ್ತದೆ: ಜಾವಾ 17 ಕಂಪೈಲ್ ಮಾಡಿದ ಕ್ಲಾಸ್ ಫೈಲಿನ ಗುರುತು 61, ಜಾವಾ 8 ಓದಬಲ್ಲದ್ದು 52ರವರೆಗೆ ಮಾತ್ರ. ಎಂದರೆ ಆ ಯಂತ್ರದಲ್ಲಿ ನಾವು ಬರೆದ ಕೋಡನ್ನು ಕ್ಲಾಸ್ ಫೈಲಾಗಿ ಬದಲಿಸುವ ‘ಜಾವಾ ಸಿ’ ಎಂಬ ಕಂಪೈಲರ್ ಹೊಸ ಜಾವಾದಿಂದ ಬರುತ್ತಿತ್ತು, ಕಂಪೈಲ್ ಆದದ್ದನ್ನು ಓಡಿಸುವ ‘ಜಾವಾ’ ಮಾತ್ರ ಹಳೆಯದರಿಂದ ಬರುತ್ತಿತ್ತು.

ಹೀಗೇಕೆ ಆಯಿತು ಎಂಬುದು ಪವರ್‌ಟಾಯ್ಸ್‌ನ ಅಪ್ಲೈಡ್ ಪಟ್ಟಿಯಲ್ಲಿ ಪಾತ್ ಅನ್ನು ನೋಡಿದಾಗ ಅವಳಿಗೇ ಕಂಡಿತು. ಪಟ್ಟಿಯ ಮೊದಲ ಸಾಲಿನಲ್ಲಿ ‘ಪ್ರೋಗ್ರಾಮ್ ಫೈಲ್ಸ್’ ಒಳಗಿನ ‘ಕಾಮನ್ ಫೈಲ್ಸ್’, ಅದರೊಳಗೆ ‘ಒರಾಕಲ್’, ಅದರೊಳಗೆ ‘ಜಾವಾ’, ಅದರೊಳಗೆ ‘ಜಾವಾಪಾತ್’ ಎಂಬ ಫೋಲ್ಡರ್ ಇತ್ತು. ಒರಾಕಲ್‌ನ ಇನ್‌ಸ್ಟಾಲರ್, ಬಳಕೆದಾರರು ಕೈಯಾರೆ ಏನೂ ಬರೆಯದೆಯೇ ಜಾವಾ ಓಡಲಿ ಎಂಬ ಅನುಕೂಲಕ್ಕೆ, ಈ ಸಾಲನ್ನು ಸಿಸ್ಟಮ್ ಪಾತ್‌ನ ಮುಂಭಾಗಕ್ಕೆ ಸೇರಿಸುತ್ತದೆ. ಲ್ಯಾಪ್‌ಟಾಪಿನ ಹಿಂದಿನ ಮಾಲೀಕರು ಯಾವುದೋ ಕಚೇರಿ ಕೆಲಸಕ್ಕೆ ಹಾಕಿಕೊಂಡಿದ್ದ ಜಾವಾ 8ರ ರನ್‌ಟೈಮ್, ಎಂದರೆ ಪ್ರೋಗ್ರಾಮ್ ಓಡಿಸಲಷ್ಟೇ ಬೇಕಾದ ಭಾಗ, ಅಲ್ಲಿ ಹಾಗೆಯೇ ಉಳಿದಿತ್ತು. ರನ್‌ಟೈಮ್‌ನಲ್ಲಿ ಕಂಪೈಲರ್ ಇರುವುದಿಲ್ಲವಾದ್ದರಿಂದ ಜಾವಾ ಸಿ ಹುಡುಕಿದ ವಿಂಡೋಸ್ ಆ ಸಾಲನ್ನು ದಾಟಿ ಕೆಳಗೆ ಇಳಿದು, ಅವಳು ಯೂಸರ್ ಪಾತ್‌ನಲ್ಲಿ ಸೇರಿಸಿದ್ದ ಜಾವಾ 17ರ ‘ಬಿನ್’ ಫೋಲ್ಡರಿಗೆ ಬಂದು ಮುಟ್ಟುತ್ತಿತ್ತು. ಜಾವಾ ಹುಡುಕಿದಾಗ ಮೊದಲ ಸಾಲಿನಲ್ಲಿಯೇ ನಿಂತುಬಿಡುತ್ತಿತ್ತು. ಜಾವಾ 17 ಅನ್ನು ಎಷ್ಟು ಸಲ ತೆಗೆದು ಹಾಕಿದರೂ ಮೊದಲ ಸಾಲು ಅಲ್ಲಿಯೇ ಇರುತ್ತದೆ, ಆದ್ದರಿಂದ ಅವಳ ಶ್ರಮಕ್ಕೆ ಫಲ ಸಿಗುವ ದಾರಿಯೇ ಇರಲಿಲ್ಲ. ಉಪಕರಣವನ್ನು ಅಡ್ಮಿನ್ ಆಗಿ ತೆರೆದು, ಸಿಸ್ಟಮ್ ಪಾತ್‌ನಿಂದ ಆ ಸಾಲನ್ನು ತೆಗೆದು, ಹೊಸ ಕಮಾಂಡ್ ಪ್ರಾಂಪ್ಟ್ ತೆರೆದಾಗ ಪ್ರೋಗ್ರಾಮ್ ಓಡಿತು. ಇದೇ ಲ್ಯಾಪ್‌ಟಾಪನ್ನು ಹಳೆಯ ಕಿಟಕಿಯಲ್ಲಿಯೂ ಸರಿಪಡಿಸಬಹುದಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ನಾನು ಮೇಜಿನ ಪಕ್ಕ ನಿಂತು ವಿವರಿಸದೆ ಅವಳೇ ಕಾರಣವನ್ನು ಕಾಣಲು ಸಾಧ್ಯವಾದದ್ದು, ಜೋಡಿಸಿದ ಪಟ್ಟಿ ಕಣ್ಣೆದುರಿಗೆ ಇದ್ದದ್ದರಿಂದ.

‘ಹೊಸ ಕಮಾಂಡ್ ಪ್ರಾಂಪ್ಟ್’ ಎಂದದ್ದನ್ನು ಒತ್ತಿ ಹೇಳಬೇಕು. ಪ್ರತಿ ಪ್ರೋಗ್ರಾಮ್ ಶುರುವಾಗುವಾಗ ತನ್ನನ್ನು ತೆರೆದ ಪ್ರೋಗ್ರಾಮಿನಿಂದ ವೇರಿಯೇಬಲ್‌ಗಳ ಒಂದು ಪ್ರತಿಯನ್ನು ಪಡೆಯುತ್ತದೆ, ಆಮೇಲೆ ಆ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಈಗಾಗಲೇ ತೆರೆದಿರುವ ಕಪ್ಪು ಕಿಟಕಿಗೆ ನಮ್ಮ ಬದಲಾವಣೆ ತಲುಪುವುದಿಲ್ಲ. ವಿಷುವಲ್ ಸ್ಟುಡಿಯೋ ಕೋಡ್‌ನೊಳಗಿನ ಟರ್ಮಿನಲ್ ಬಳಸುವವರು ಟರ್ಮಿನಲ್ ಒಂದನ್ನೇ ಮುಚ್ಚಿ ತೆರೆದರೆ ಸಾಲದು, ಇಡೀ ತಂತ್ರಾಂಶವನ್ನೇ ಮುಚ್ಚಿ ಮತ್ತೆ ತೆರೆಯಬೇಕು. ಎಲ್ಲವನ್ನೂ ಸರಿಯಾಗಿ ಮಾಡಿ ಈ ಒಂದು ಹೆಜ್ಜೆ ಬಿಟ್ಟದ್ದರಿಂದ, ಸರಿಯಾಗಿದ್ದದ್ದನ್ನೇ ಮತ್ತೆ ಕೆಡಿಸಿಕೊಳ್ಳುವವರು ಹಲವರು. ಸೇವ್ ಒತ್ತಿದ ಮೇಲೆ ‘ತೆರೆದಿರುವ ಕಿಟಕಿಗಳನ್ನು ಮುಚ್ಚಿ ತೆರೆಯಿರಿ’ ಎಂದು ಈ ಉಪಕರಣ ದೊಡ್ಡದಾಗಿ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಇನ್ನು ಪ್ರೊಫೈಲ್‌ಗಳ ವಿಷಯ. ಕೆಲವು ವೇರಿಯೇಬಲ್‌ಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟು, ಬೇಕಾದಾಗ ಒಂದು ಸ್ವಿಚ್ ಒತ್ತಿ ಜಾರಿಗೆ ತರುವ ವ್ಯವಸ್ಥೆ ಇದು. ಒಂದು ಹೊತ್ತಿಗೆ ಒಂದು ಪ್ರೊಫೈಲ್ ಮಾತ್ರ ಜಾರಿಯಲ್ಲಿರುತ್ತದೆ. ಅದೇ ಹೆಸರಿನ ಯೂಸರ್ ವೇರಿಯೇಬಲ್ ಮೊದಲೇ ಇದ್ದರೆ ಅದರ ಹಳೆಯ ಮೌಲ್ಯವನ್ನು ಬೇರೊಂದು ಹೆಸರಿನಲ್ಲಿ ಕಾಪಾಡಿಟ್ಟು, ಸ್ವಿಚ್ ಆಫ್ ಮಾಡಿದಾಗ ಮರಳಿಸುತ್ತದೆ. ನಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಇದು ವರದಾನವೇ ಸರಿ. ಅವರಲ್ಲಿ ಕೆಲವರು ಪ್ರಾಜೆಕ್ಟಿಗೆ ಸ್ಪ್ರಿಂಗ್ ಬೂಟ್ 3 ಎಂಬ ಜಾವಾ ಚೌಕಟ್ಟನ್ನು ಬಳಸುತ್ತಾರೆ, ಅದಕ್ಕೆ ಕನಿಷ್ಠ ಜಾವಾ 17 ಬೇಕು. ಅದೇ ಹೊತ್ತಿಗೆ ಹಿರಿಯರು ಬಿಟ್ಟುಹೋದ ಹಳೆಯ ಪ್ರಾಜೆಕ್ಟೊಂದು ಜಾವಾ 8ರಲ್ಲಿ ಮಾತ್ರ ಓಡುತ್ತಿರುತ್ತದೆ. ನಾನು ಹೇಳಿಕೊಡುವ ಕ್ರಮ ಹೀಗಿದೆ: ಯೂಸರ್ ಪಾತ್‌ನಲ್ಲಿ ಜಾವಾದ ನೇರ ವಿಳಾಸ ಬರೆಯದೆ, ಶೇಕಡಾ ಚಿಹ್ನೆಗಳ ನಡುವೆ ‘ಜಾವಾ ಅಂಡರ್‌ಸ್ಕೋರ್ ಹೋಮ್’ ಎಂಬ ವೇರಿಯೇಬಲ್‌ನ ಹೆಸರು ಬರೆದು ಅದರ ನಂತರ ‘ಬಿನ್’ ಸೇರಿಸುವುದು, ಆಮೇಲೆ ಎರಡು ಪ್ರೊಫೈಲ್ ಮಾಡಿ, ಒಂದರಲ್ಲಿ ಜಾವಾ ಹೋಮ್‌ಗೆ 17ರ ಫೋಲ್ಡರನ್ನೂ ಇನ್ನೊಂದರಲ್ಲಿ 8ರ ಫೋಲ್ಡರನ್ನೂ ಕೊಡುವುದು. ಪಾತ್ ಅನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಮಾವೆನ್, ಗ್ರೇಡಲ್, ಟಾಮ್‌ಕ್ಯಾಟ್ ಎಂಬ ಜಾವಾ ತಂತ್ರಾಂಶಗಳು ಕೂಡ ಜಾವಾ ಹೋಮ್ ಅನ್ನೇ ನೋಡುವುದರಿಂದ ಅವೂ ಜೊತೆಯಲ್ಲಿಯೇ ಬದಲಾಗುತ್ತವೆ.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಜಾವಾ ಹೋಮ್‌ಗೆ ಕೊಡಬೇಕಾದದ್ದು ಜೆಡಿಕೆಯ, ಎಂದರೆ ಕಂಪೈಲರ್ ಸಹಿತವಾದ ಜಾವಾ ಕಟ್ಟಿನ, ಮುಖ್ಯ ಫೋಲ್ಡರ್, ಅದರೊಳಗಿನ ಬಿನ್ ಅಲ್ಲ; ಬಿನ್ ಅನ್ನೇ ಕೊಟ್ಟರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಜಾವಾ ಸಿಗದು, ಮಾವೆನ್ ಕೂಡ ಜಾವಾ ಹೋಮ್ ಸರಿಯಿಲ್ಲವೆಂದು ದೂರುತ್ತದೆ. ಎರಡನೆಯದಾಗಿ, ಜಾವಾ ಹೋಮ್ ಯೂಸರ್ ವೇರಿಯೇಬಲ್ ಆಗಿದ್ದರೆ ಅದರ ಹೆಸರನ್ನು ಸಿಸ್ಟಮ್ ಪಾತ್‌ನಲ್ಲಿ ಬಳಸಬಾರದು. ಸಿಸ್ಟಮ್ ಭಾಗ ಮೊದಲು ಸಿದ್ಧವಾಗುವುದರಿಂದ ಆ ಹೊತ್ತಿಗೆ ಯೂಸರ್ ಕಡೆಯ ಹೆಸರಿಗೆ ಅರ್ಥವೇ ಇರುವುದಿಲ್ಲ.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಈ ಉಪಕರಣದ ಪೆಟ್ಟಿಗೆಯಲ್ಲಿ ಫೋಲ್ಡರಿನ ವಿಳಾಸ ಬರೆಯಬೇಕು, ಆದರೆ ವಿಳಾಸ ಎಲ್ಲಿಂದ ತರಬೇಕು? ನಾನು ಬಳಸುತ್ತಿರುವ ಆವೃತ್ತಿಯಲ್ಲಿ ಫೋಲ್ಡರನ್ನು ಹುಡುಕಿ ಆರಿಸುವ ‘ಬ್ರೌಸ್’ ಗುಂಡಿ ಸಹ ಇಲ್ಲ, ಅದು ವಿಂಡೋಸ್‌ನ ಹಳೆಯ ಕಿಟಕಿಯಲ್ಲಿದೆ. ಬರೆದ ಫೋಲ್ಡರ್ ಡಿಸ್ಕಿನಲ್ಲಿ ನಿಜವಾಗಿ ಇದೆಯೇ ಎಂದೂ ಇದು ಪರೀಕ್ಷಿಸಿ ಹೇಳುವುದಿಲ್ಲ. ಎಕ್ಲಿಪ್ಸ್ ಟೆಮುರಿನ್‌ನಂಥ ಜಾವಾ ಹಾಕಿದರೆ ಫೋಲ್ಡರಿನ ಹೆಸರಿನಲ್ಲಿಯೇ ಪೂರ್ತಿ ಆವೃತ್ತಿ ಸಂಖ್ಯೆ ಇರುತ್ತದೆ; ಅಪ್‌ಡೇಟ್ ಆದಾಗ ಫೋಲ್ಡರಿನ ಹೆಸರೂ ಬದಲಾಗುತ್ತದೆ, ನಾವು ಕೈಯಾರೆ ಬರೆದಿಟ್ಟ ವಿಳಾಸ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಇಂಥ ಸತ್ತ ಸಾಲುಗಳು ಪಾತ್‌ನಲ್ಲಿ ತುಂಬಿಕೊಂಡಿದ್ದರೂ ಪವರ್‌ಟಾಯ್ಸ್ ಅವನ್ನು ಜೀವಂತ ಸಾಲುಗಳಂತೆಯೇ ತೋರಿಸುತ್ತದೆ. ‘ರ‍್ಯಾಪಿಡ್ ಎನ್ವಿರಾನ್‌ಮೆಂಟ್ ಎಡಿಟರ್’ ಎಂಬ ಇನ್ನೊಂದು ಉಚಿತ ತಂತ್ರಾಂಶ ಅಂಥ ಸಾಲುಗಳನ್ನು ಕೆಂಪು ಬಣ್ಣದಲ್ಲಿ ತೋರಿಸಿಕೊಡುತ್ತದೆ. ಅಷ್ಟು ಸಣ್ಣ ತಂತ್ರಾಂಶ ಮಾಡುವ ಕೆಲಸವನ್ನು ಇದೂ ಮಾಡಬೇಕಿತ್ತು.

ಆದ್ದರಿಂದ ಹುಡುಕಾಟವನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ, ಮತ್ತು ನಾನು ವಿದ್ಯಾರ್ಥಿಗಳಿಗೆ ಪವರ್‌ಟಾಯ್ಸ್ ತೋರಿಸುವ ಮೊದಲು ಅದನ್ನೇ ಕಲಿಸುತ್ತೇನೆ. ಮೊದಲ ಸಾಧನ ವಿಂಡೋಸ್‌ನಲ್ಲಿಯೇ ಇರುವ ‘ವೇರ್’ ಎಂಬ ಆಜ್ಞೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಜಾವಾ’ ಎಂದರೆ ಪಾತ್‌ನಲ್ಲಿರುವ ಎಲ್ಲ ಜಾವಾಗಳ ವಿಳಾಸಗಳೂ ಕ್ರಮವಾಗಿ ಬರುತ್ತವೆ, ಮೇಲಿನ ಸಾಲಿನದು ಓಡುವಂಥದ್ದು. ಆಜ್ಞೆ ಬರೆಯುವ ಇನ್ನೊಂದು ಕಿಟಕಿಯಾದ ಪವರ್‌ಶೆಲ್‌ನಲ್ಲಿ ‘ವೇರ್’ ಎಂಬ ಹೆಸರು ಬೇರೊಂದು ಕೆಲಸಕ್ಕೆ ಮೀಸಲಾಗಿರುವುದರಿಂದ ಅಲ್ಲಿ ‘ವೇರ್ ಡಾಟ್ ಇಎಕ್ಸ್‌ಇ’ ಎಂದು ಪೂರ್ತಿ ಬರೆಯಬೇಕು. ಬರೀ ‘ವೇರ್’ ಎಂದರೆ ಉತ್ತರವಾಗಿ ಏನೂ ಬರುವುದಿಲ್ಲ, ವಿದ್ಯಾರ್ಥಿಗಳು ತಂತ್ರಾಂಶವೇ ಇಲ್ಲ ಎಂದು ತಿಳಿದು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ.

ಆದರೆ ವೇರ್ ಹುಡುಕುವುದು ನಾವಿರುವ ಫೋಲ್ಡರಿನಲ್ಲಿ ಮತ್ತು ಪಾತ್‌ನಲ್ಲಿರುವ ಜಾಗಗಳಲ್ಲಿ ಮಾತ್ರ. ಪಾತ್‌ಗೆ ಇನ್ನೂ ಸೇರದ ತಂತ್ರಾಂಶವನ್ನು ಪತ್ತೆ ಹಚ್ಚಲು ಬೇರೆ ದಾರಿ ಬೇಕು. ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಹೆಚ್ಚಾಗಿ ಶಾರ್ಟ್‌ಕಟ್ ಇರುವ ಫೋಲ್ಡರ್ ತೆರೆಯುತ್ತದೆ, ತಂತ್ರಾಂಶ ಇರುವ ಫೋಲ್ಡರ್ ಅಲ್ಲ; ಆ ಶಾರ್ಟ್‌ಕಟ್ ಮೇಲೆ ಇನ್ನೊಮ್ಮೆ ಅದೇ ಕೆಲಸ ಮಾಡಿದಾಗ ನಿಜವಾದ ಜಾಗ ಸಿಗುತ್ತದೆ. ಓಡುತ್ತಿರುವ ಪ್ರೋಗ್ರಾಮ್ ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ನೇರವಾಗಿಯೇ ತಲುಪಬಹುದು. ಸೆಟ್ಟಿಂಗ್ಸ್‌ನಲ್ಲಿರುವ ಇನ್‌ಸ್ಟಾಲ್ ಆದ ಆ್ಯಪ್‌ಗಳ ಪಟ್ಟಿಯಂತೂ ಹೆಸರು, ಗಾತ್ರ, ದಿನಾಂಕ ಕೊಟ್ಟು, ಬೇಕಾದ ವಿಳಾಸವನ್ನೇ ಕೊಡದೆ ಬಿಡುತ್ತದೆ.

ಪೈಥಾನ್ ಈ ವಿಷಯದಲ್ಲಿ ಎಲ್ಲರನ್ನೂ ಗೊಂದಲಕ್ಕೆ ಕೆಡಹುತ್ತದೆ. ಅದರ ಇನ್‌ಸ್ಟಾಲರಿನಲ್ಲಿ ಪಾತ್‌ಗೆ ಸೇರಿಸುವ ಆಯ್ಕೆಯ ಚೌಕ ತಾನಾಗಿ ಟಿಕ್ ಆಗಿರುವುದಿಲ್ಲ, ಅವಸರದಲ್ಲಿ ‘ಇನ್‌ಸ್ಟಾಲ್ ನೌ’ ಒತ್ತಿದವರು ಅದನ್ನು ನೋಡಿಯೇ ಇರುವುದಿಲ್ಲ. ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಪೈಥಾನ್ ಹೋಗಿ ಕೂರುವುದು ‘ಆ್ಯಪ್‌ಡೇಟಾ’ ಎಂಬ ಫೋಲ್ಡರಿನೊಳಗೆ, ‘ಲೋಕಲ್’, ‘ಪ್ರೋಗ್ರಾಮ್ಸ್’ ದಾಟಿದ ಮೇಲೆ. ಆ್ಯಪ್‌ಡೇಟಾ ಮರೆಯಾಗಿರುವ ಫೋಲ್ಡರ್ ಆದ್ದರಿಂದ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸುಮ್ಮನೆ ಹುಡುಕಿದವರಿಗೆ ಅದು ಕಾಣಿಸುವುದೇ ಇಲ್ಲ. ಇದರ ಮೇಲೆ, ‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವ ಏರ್ಪಾಡೊಂದು 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಬಂದಿದೆ. ಅದು ‘ಆ್ಯಪ್ ಎಕ್ಸಿಕ್ಯೂಶನ್ ಏಲಿಯಾಸ್’ ಪಟ್ಟಿಯಲ್ಲಿ ಆಫ್ ಮಾಡಬಹುದಾದ ಒಂದು ಸ್ವಿಚ್. ಪೈಥಾನ್ ಜೊತೆಗೆ ಬರುವ ‘ಪೈ’ ಎಂಬ ಸಣ್ಣ ಲಾಂಚರ್ ಇಂಥಲ್ಲಿ ನಿಜವಾದ ನೆರವು: ‘ಪೈ’ ಬರೆದು, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ, ಸೊನ್ನೆ, ಇಂಗ್ಲಿಷಿನ ಪಿ ಅಕ್ಷರ ಬರೆದು ಎಂಟರ್ ಒತ್ತಿದರೆ ಯಂತ್ರದಲ್ಲಿರುವ ಪೈಥಾನ್‌ಗಳೂ ಅವುಗಳ ಪೂರ್ತಿ ವಿಳಾಸಗಳೂ ಪರದೆಗೆ ಬರುತ್ತವೆ. ಆ ವಿಳಾಸವನ್ನು, ಕೊನೆಯ ‘ಪೈಥಾನ್ ಡಾಟ್ ಇಎಕ್ಸ್‌ಇ’ ಬಿಟ್ಟು ಫೋಲ್ಡರಿನವರೆಗೆ ಮಾತ್ರ, ನಕಲು ಮಾಡಿ ಪವರ್‌ಟಾಯ್ಸ್‌ನಲ್ಲಿ ಅಂಟಿಸಿದರೆ ಕೆಲಸ ಮುಗಿಯಿತು. ಮೈಎಸ್‌ಕ್ಯೂಎಲ್ ಕೂಡ ತಾನಾಗಿ ಪಾತ್‌ಗೆ ಸೇರಿಕೊಳ್ಳುವುದಿಲ್ಲ, ಆದರೆ ಅದು ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ತನ್ನದೇ ಹೆಸರಿನ ಫೋಲ್ಡರಿನಲ್ಲಿ ಇರುವುದರಿಂದ ಕಣ್ಣಿಗೆ ಬೇಗ ಬೀಳುತ್ತದೆ.

ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಇನ್ನೊಂದು ಪ್ರಶ್ನೆಯಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಕ್ರೋಮ್’ ಎಂದರೆ ಬ್ರೌಸರ್ ತೆರೆಯುತ್ತದೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಹೆಸರು ಬರೆದರೆ ಇಂಥ ಆಜ್ಞೆಯೇ ಇಲ್ಲ ಎನ್ನುತ್ತದೆ, ಏಕೆ? ರನ್ ಪೆಟ್ಟಿಗೆ ಪಾತ್ ಅಷ್ಟನ್ನೇ ನೋಡದೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿರುವ ‘ಆ್ಯಪ್ ಪಾತ್ಸ್’ ಎಂಬ ಬೇರೊಂದು ಪಟ್ಟಿಯನ್ನೂ ನೋಡುತ್ತದೆ. ಕಮಾಂಡ್ ಪ್ರಾಂಪ್ಟ್ ಅದನ್ನು ನೋಡುವುದಿಲ್ಲ. ಪವರ್‌ಟಾಯ್ಸ್ ಈ ಪಟ್ಟಿಯನ್ನೂ ಒಂದು ಮೂಲೆಯಲ್ಲಿ ತೋರಿಸುವಂತಾದರೆ, ‘ಎಲ್ಲಿದೆ’ ಎಂಬ ಪ್ರಶ್ನೆಗೆ ಅರ್ಧ ಉತ್ತರವಾದರೂ ಅದೇ ಕಿಟಕಿಯಲ್ಲಿ ಸಿಕ್ಕೀತು.

ಎಷ್ಟೇ ಕೊರತೆ ಇದ್ದರೂ ಒಂದು ವಿಷಯದಲ್ಲಿ ಈ ಉಪಕರಣವನ್ನು ಬಳಸಲೇಬೇಕು ಎಂದು ಹೇಳುತ್ತೇನೆ: ಪಾತ್ ಬದಲಿಸಲು ‘ಸೆಟ್ಎಕ್ಸ್’ ಎಂಬ ಆಜ್ಞೆಯನ್ನು ಬಳಸದಿರುವ ಸಲುವಾಗಿ. ಸೆಟ್ಎಕ್ಸ್ 1024 ಅಕ್ಷರಗಳಿಗಿಂತ ಉದ್ದವಾದದ್ದನ್ನು ಕತ್ತರಿಸಿ ಉಳಿದದ್ದನ್ನಷ್ಟೇ ಬರೆಯುತ್ತದೆ. ಅಂತರ್ಜಾಲದ ಪಾಠಗಳಲ್ಲಿ ಸಾಮಾನ್ಯವಾಗಿ ಹೇಳುವಂತೆ ಹಳೆಯ ಪಾತ್‌ನ ತುದಿಗೆ ಹೊಸದನ್ನು ಸೇರಿಸಿ ಸೆಟ್ಎಕ್ಸ್ ಕೊಟ್ಟರೆ, ಜೋಡಿಸಿದ ಇಡೀ ಸಿಸ್ಟಮ್ ಪಾತ್ ಯೂಸರ್ ಪಾತ್‌ನೊಳಗೆ ನಕಲಾಗಿ, ಮೇಲಾಗಿ ತುದಿ ತುಂಡಾಗಿ ಹೋಗುತ್ತದೆ. ತುಂಡಾಗುವುದು ಕೊನೆಯ ಭಾಗವಾದ್ದರಿಂದ ನಾವು ಸೇರಿಸಬೇಕೆಂದಿದ್ದ ಸಾಲೇ ಮೊದಲು ಕಳೆದುಹೋಗುತ್ತದೆ. ಪವರ್‌ಟಾಯ್ಸ್‌ನಲ್ಲಿ ಸಾಲುಸಾಲಾಗಿ ಸೇರಿಸುವವರಿಗೆ ಈ ಅಪಾಯವಿಲ್ಲ.

ಇನ್‌ಸ್ಟಾಲ್ ಮಾಡುವ ವಿಷಯದಲ್ಲಿ ತೊಡಕಿಲ್ಲ. ವಿಂಡೋಸ್ 10 ಅಥವಾ 11 ಇರುವ ಯಂತ್ರಕ್ಕೆ ಮೈಕ್ರೋಸಾಫ್ಟ್ ಸ್ಟೋರಿನಿಂದಲೂ ಗಿಟ್‌ಹಬ್‌ನಿಂದಲೂ ‘ವಿನ್‌ಗೆಟ್’ ಆಜ್ಞೆಯಿಂದಲೂ ಹಾಕಿಕೊಳ್ಳಬಹುದು. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡಬೇಕಾಗಿಲ್ಲ, ಮತ್ತು ಒಬ್ಬ ಬಳಕೆದಾರನಿಗೆ ಮಾತ್ರ ಹಾಕುವ ಇನ್‌ಸ್ಟಾಲರೂ ಇದೆ. ಕಷ್ಟವಿರುವುದು ಗಾತ್ರದಲ್ಲಿ. ನಮಗೆ ಬೇಕಾದದ್ದು ಒಂದೇ ಉಪಕರಣವಾದರೂ ಇಡೀ ಕಟ್ಟನ್ನು ಇಳಿಸಿಕೊಳ್ಳಬೇಕು, ಮೇಲಿಂದ ಮೇಲೆ ಹೊಸ ಆವೃತ್ತಿಗಳೂ ಬರುತ್ತಿರುತ್ತವೆ. ಮೊಬೈಲ್ ಡೇಟಾ ನಂಬಿಕೊಂಡು ಬೈಂದೂರಿನ ಒಳಭಾಗದ ಮನೆಯಲ್ಲಿ ಕುಳಿತ ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ. ಅಂಥವರಿಗೆ ನಾವು ಲ್ಯಾಬಿನಿಂದಲೇ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ. ಹಾಕಿದ ಮೇಲೆ ಬೇಡದ ಉಪಕರಣಗಳನ್ನು ಸೆಟ್ಟಿಂಗ್ಸ್‌ನಲ್ಲಿ ಒಂದೊಂದಾಗಿ ಆಫ್ ಮಾಡಿಬಿಡುವುದು ಒಳ್ಳೆಯದು, ಹಳೆಯ ಲ್ಯಾಪ್‌ಟಾಪ್‌ಗಳಲ್ಲಂತೂ ಅಗತ್ಯ.

ಒಂದೇ ಜಾವಾ, ಒಂದೇ ಪೈಥಾನ್ ಇರುವ ಹೊಸ ಲ್ಯಾಪ್‌ಟಾಪಿನವರಿಗೆ ವಿಂಡೋಸ್‌ನ ಹಳೆಯ ಕಿಟಕಿಯೇ ಸಾಕು. ಒಂದು ಸಾಲು ಸೇರಿಸಲು ಇಷ್ಟು ದೊಡ್ಡ ಕಟ್ಟು ಬೇಡ. ಎರಡೆರಡು ಆವೃತ್ತಿಗಳ ನಡುವೆ ಓಡಾಡುವವರು, ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡವರು, ಹಲವರು ಬಳಸುವ ಲ್ಯಾಬ್ ನೋಡಿಕೊಳ್ಳುವವರು ಇದನ್ನು ಹಿಂಜರಿಯದೆ ಹಾಕಿಕೊಳ್ಳಬಹುದು. ಪಾತ್‌ನಲ್ಲಿ ಕಸ ತುಂಬಿದೆ ಎಂಬ ಸಂಶಯವಿದ್ದರೆ ಒಮ್ಮೆ ರ‍್ಯಾಪಿಡ್ ಎನ್ವಿರಾನ್‌ಮೆಂಟ್ ಎಡಿಟರಿನಲ್ಲಿ ಕೆಂಪು ಸಾಲುಗಳನ್ನು ಗುರುತಿಸಿ, ಆಮೇಲೆ ದಿನಬಳಕೆಗೆ ಪವರ್‌ಟಾಯ್ಸ್ ಇಟ್ಟುಕೊಳ್ಳುವುದು ನನ್ನ ಸಲಹೆ. ಪವರ್‌ಟಾಯ್ಸ್ ಅನ್ನು ಎಂದಾದರೂ ತೆಗೆದುಹಾಕುವುದಾದರೆ, ಜಾರಿಯಲ್ಲಿರುವ ಪ್ರೊಫೈಲ್‌ನ ಸ್ವಿಚ್ಚನ್ನು ಮೊದಲು ಆಫ್ ಮಾಡಿ, ಹಳೆಯ ಮೌಲ್ಯಗಳು ಯೂಸರ್ ವೇರಿಯೇಬಲ್‌ಗಳಿಗೆ ಮರಳಿವೆಯೇ ಎಂದು ನೋಡಿಕೊಂಡು, ನಂತರವೇ ಅನ್‌ಇನ್‌ಸ್ಟಾಲ್ ಮಾಡಬೇಕು.